ಹಳದಿ ಜ್ವರದ ಲಸಿಕೆ: ಯಾವ ತಲೆನೋವಿಗೆ ಹೆದರಬೇಕು?

ಪ್ರಶ್ನೆ: ನನಗೆ 64 ವರ್ಷ. ವಿದೇಶದಲ್ಲಿರುವ ಮಗಳ ಮನೆಗೆ ಹೋಗಲು ಮೊದಲ ಬಾರಿಗೆ ಹಳದಿ ಜ್ವರದ, ಅಂದರೆ ಯೆಲ್ಲೋ ಫೀವರ್‌ನ ಲಸಿಕೆ ಹಾಕಿಸಿಕೊಳ್ಳಬೇಕಾಗಿದೆ. ಇದೇ ಲಸಿಕೆ ಪಡೆದ ಪರಿಚಿತರೊಬ್ಬರಿಗೆ ಎರಡು ವಾರಗಳ ನಂತರ ಮೆದುಳಿನ ಉರಿಯೂತವಾಯಿತೆಂದು ಕೇಳಿ ಗಾಬರಿಯಾಗಿದೆ. ಇದು ನಿಜವೇ? ಹಾಗಾದರೆ ಗುರುತಿಸುವುದು ಹೇಗೆ?

ಉತ್ತರ: ನಿಜ, ಆದರೆ ಬಹಳ ಅಪರೂಪ. 1930ರ ದಶಕದಲ್ಲಿ ವಿಜ್ಞಾನಿ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು ರೂಪಿಸಿದ 17ಡಿ ಎಂಬ ತಳಿಯ ವೈರಸ್ಸು, ಬಲಗುಂದಿದ್ದರೂ ಜೀವಂತವಾಗಿಯೇ, ಈ ಲಸಿಕೆಯಲ್ಲಿರುತ್ತದೆ. ಅದು ದೇಹದೊಳಗೆ ಕೆಲವು ದಿನ ವೃದ್ಧಿಯಾಗಿ ರೋಗನಿರೋಧಕ ಶಕ್ತಿಯನ್ನು ಹುಟ್ಟಿಸುತ್ತದೆ. ತೀರಾ ವಿರಳವಾಗಿ ಈ ವೈರಸ್ಸೇ ಮೆದುಳನ್ನು ಹೊಕ್ಕು ಉರಿಯೂತವನ್ನುಂಟುಮಾಡಬಹುದು. ಅಥವಾ ಕೆರಳಿದ ರೋಗನಿರೋಧಕ ವ್ಯವಸ್ಥೆಯು ದಾರಿ ತಪ್ಪಿ ನಮ್ಮದೇ ನರಗಳ ಮೇಲೆರಗಿ, ಕೈಕಾಲುಗಳ ಬಲ ಕುಂದಿಸುವ ಗಿಲ್ಲನ್ ಬಾರೆ ಸಿಂಡ್ರೋಮ್‌ನಂತಹ ಕಾಯಿಲೆಗೆ ಕಾರಣವಾಗಬಹುದು. ಅಮೆರಿಕದಲ್ಲಿ ವರದಿಯಾದ ಪ್ರಕರಣಗಳ ಪ್ರಕಾರ ಇಂತಹ ತೊಂದರೆ ಒಂದು ಲಕ್ಷ ಡೋಸಿಗೆ ಸುಮಾರು 0.8, ಅರುವತ್ತು ದಾಟಿದವರಲ್ಲಿ ಈ ಪ್ರಮಾಣ ಹೆಚ್ಚು. ಬಹುತೇಕ ಪ್ರಕರಣಗಳು ಮೊದಲ ಡೋಸ್ ಪಡೆದವರವೇ ಆಗಿರುವುದರಿಂದ ನಿಮ್ಮ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ.

ಗುರುತಿಸಲು ಕ್ಯಾಲೆಂಡರ್ ನೆರವಾಗುತ್ತದೆ. ಲಸಿಕೆಯ ನಂತರದ ಮೊದಲ ಕೆಲವು ದಿನಗಳಲ್ಲಿ ಸಣ್ಣ ಜ್ವರ, ತಲೆನೋವು, ಮೈಕೈ ನೋವು ಹಲವರಿಗೆ ಬರುತ್ತವೆ ಮತ್ತು ತಾವಾಗಿಯೇ ಹೋಗುತ್ತವೆ. ನರಸಂಬಂಧಿ ತೊಂದರೆಗಳು ಸಾಮಾನ್ಯವಾಗಿ ಮೂರನೆಯ ದಿನದಿಂದ ನಾಲ್ಕನೆಯ ವಾರದೊಳಗೆ ತಲೆದೋರುವುದರಿಂದ, ಇಳಿದಿದ್ದ ಜ್ವರ ಮತ್ತೆ ಏರಿದರೆ, ತಲೆನೋವು ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋದರೆ, ಕತ್ತು ಬಗ್ಗಿಸಲಾಗದಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಕಾಲಿನಿಂದ ಮೇಲಕ್ಕೆ ಜೋಮು ಅಥವಾ ನಿಶ್ಶಕ್ತಿ ಹತ್ತುತ್ತಿದ್ದರೆ ಒಂದು ದಿನವೂ ಕಾಯಬಾರದು. ಬರೀ ತಲೆನೋವು ಒಂದು ಮಾತು. ತಲೆನೋವಿನ ಜೊತೆಗೆ ಎದುರಿಗೆ ನಿಂತ ಮಗಳ ಹೆಸರೇ ತೋಚದಿದ್ದರೆ ಅದು ಬೇರೆಯೇ ಮಾತು.

ಆಸ್ಪತ್ರೆಗೆ ಹೋದಾಗ ಲಸಿಕೆ ಪಡೆದ ದಿನಾಂಕವನ್ನು ಮೊದಲು ಹೇಳಿ. ಯಾರೂ ಕೇಳದಿದ್ದರೂ ಹೇಳಿ, ಏಕೆಂದರೆ ಜ್ವರದ ರೋಗಿಯನ್ನು ನೋಡುವ ವೈದ್ಯರಿಗೆ ಇದು ಥಟ್ಟನೆ ಹೊಳೆಯುವ ಸಂಗತಿಯಲ್ಲ. ಬೆನ್ನಿನಿಂದ ಸೂಜಿಯ ಮೂಲಕ ತೆಗೆದ ದ್ರವದಲ್ಲಿ ಈ ವೈರಸ್ಸಿನ ವಿರುದ್ಧ ದೇಹ ಮೊದಮೊದಲು ತಯಾರಿಸುವ ಐಜಿಎಂ ಎಂಬ ಪ್ರತಿಕಾಯ ಕಂಡುಬಂದರೆ ಅದು ಬಲವಾದ ಸುಳಿವು. ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲವಾದರೂ ಆರೈಕೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಸಾವು ಅಪರೂಪ.

ಇನ್ನು, ನೀವು ಹೋಗುವ ಊರಿನಲ್ಲಿ ಹಳದಿ ಜ್ವರ ನಿಜವಾಗಿಯೂ ಇದೆಯೇ ಅಥವಾ ಲಸಿಕೆ ಗಡಿ ದಾಟಲು ಬೇಕಾದ ಕಾಗದ ಮಾತ್ರವೇ ಎಂಬುದನ್ನು ವೈದ್ಯರೊಡನೆ ವಿಚಾರಿಸಿ. ರೋಗವಿದ್ದರೆ ಲಸಿಕೆ ಹಾಕಿಸಿಕೊಳ್ಳುವುದೇ ಸರಿ, ಆ ಕಾಯಿಲೆ ಲಸಿಕೆಗಿಂತ ಬಹಳ ಕ್ರೂರಿ. ಕಾಗದಕ್ಕಾಗಿ ಮಾತ್ರವಾದರೆ, ಸಕಾರಣವಿದ್ದಲ್ಲಿ ವೈದ್ಯರು ವಿನಾಯಿತಿ ಪತ್ರ ಕೊಡಬಲ್ಲರು. ಅದನ್ನು ಒಪ್ಪುವುದು ಆ ದೇಶಕ್ಕೆ ಬಿಟ್ಟದ್ದು. ಎದೆಯೊಳಗಿರುವ ಥೈಮಸ್ ಗ್ರಂಥಿಯ ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಿದ್ದರೆ ಮುಚ್ಚಿಡಬೇಡಿ. ಲಸಿಕೆಯ ಪ್ರಮಾಣಪತ್ರ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಊರ್ಜಿತವಾಗುತ್ತದೆ, ಆದರೂ ನೀವು ಪ್ರಯಾಣಕ್ಕೆ ಒಂದು ತಿಂಗಳಿಗೂ ಮೊದಲೇ ಹಾಕಿಸಿಕೊಳ್ಳಿ. ಎಚ್ಚರದಿಂದಿರಬೇಕಾದ ವಾರಗಳು ನಿಮ್ಮ ವೈದ್ಯರ ಕೈಗೆಟಕುವಲ್ಲೇ ಕಳೆಯಲಿ.