ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್: ಮನೆಯೊಳಗೆ ಟೆಸ್ಟ್ ಮಾಡಿ ದುಡ್ಡು ಕೊಡಬೇಡಿ

ಮೆಲ್ಬರ್ನ್‌ನಲ್ಲಿದ್ದೀರಿ, ಚಿನ್ನಕ್ಕೆ ಹೆಸರಾದ ಬೆಂಡಿಗೋ ಊರಿನ ಕಡೆ ಚಿನ್ನ ಹುಡುಕೋಕೆ ಅಂತ ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ಒಂದನ್ನು, ಮೈನ್‌ಲ್ಯಾಬ್ ಕಂಪನಿಯ ಇಕ್ವಿನಾಕ್ಸ್ 800 ಅನ್ನು, ನೋಡಿದ್ದೀರಿ, ಎಷ್ಟು ವರ್ಷ ಹಳೆಯದಾದರೆ ಬೇಡ ಅನ್ನಬೇಕು ಅಂತ ಕೇಳಿದ್ದೀರಿ. ನಾನೂ ಕೊಳ್ಳುವಾಗ ಮೊದಲು ಕೇಳಿದ್ದು ಇದನ್ನೇ. ವರ್ಷದ ಲೆಕ್ಕ ಬಿಟ್ಟುಬಿಡಿ. ಈ ಮಾಡೆಲ್ ಬಂದದ್ದು 2018ರಲ್ಲಿ. ಆಗಿನ ಮೆಷಿನ್ ಒಣ ನೆಲದಲ್ಲಷ್ಟೇ ಓಡಾಡಿದ್ದರೆ ಇವತ್ತಿಗೂ ಗಟ್ಟಿಯಾಗಿರುತ್ತದೆ; ಸಮುದ್ರಕ್ಕಿಳಿದದ್ದು ಹೊಸದಾದರೂ ಕೆಟ್ಟಿರಬಹುದು.

ದುಡ್ಡು ಹೋಗೋದು ಒಂದೇ ತಪ್ಪಿನಿಂದ. ಮಾರುವವರ ಹಾಲ್‌ನಲ್ಲಿ ನಿಂತು, ಕಾಯಿಲ್ (ಕೋಲಿನ ತುದಿಯಲ್ಲಿ ಲೋಹ ಪತ್ತೆ ಮಾಡುವ ತಟ್ಟೆ) ಮುಂದೆ ನಾಣ್ಯ ಆಡಿಸಿ, ಕೂಗಿತಲ್ಲ ಅಂತ ಒಪ್ಪಿಕೊಳ್ಳುವುದು. ಮನೆಯೊಳಗೆ ವೈರಿಂಗ್, ಫ್ರಿಜ್, ನೆಲದೊಳಗಿನ ಮೊಳೆ ಎಲ್ಲಕ್ಕೂ ಅದು ಬಡಬಡಿಸುತ್ತದೆ. ಕೇಬಲ್ ಒಳಗೆ ತುಂಡಾಗಿ ಸದ್ದು ಬಂದರೂ "ಕರೆಂಟ್ ಡಿಸ್ಟರ್ಬೆನ್ಸ್" ಅನ್ನುತ್ತಾರೆ, ನೀವು ನಂಬುತ್ತೀರಿ. ಸೆನ್ಸಿಟಿವಿಟಿಯನ್ನು, ಅಂದರೆ ಸಣ್ಣ ಸಿಗ್ನಲ್‌ಗೂ ಸ್ಪಂದಿಸುವ ಮಟ್ಟವನ್ನು, 20ರಿಂದ 8ಕ್ಕೆ ಇಳಿಸಿ ತೋರಿಸಿದರಂತೂ ಕೆಟ್ಟ ಕಾಯಿಲ್ ಕೂಡ ಶಾಂತವಾಗಿಬಿಡುತ್ತದೆ. ಮೇಲಾಗಿ ಗಾಳಿಯಲ್ಲಿ ಖನಿಜ ಇಲ್ಲ. ಬೆಂಡಿಗೋ ಸುತ್ತಮುತ್ತ ಕಬ್ಬಿಣದಂಶದ ಕೆಂಪು ಮಣ್ಣು, ಮೆಷಿನ್‌ನ ಬಂಡವಾಳ ಬಯಲಾಗೋದು ಅಂಥ ನೆಲದಲ್ಲೇ.

ಹಾಗಾಗಿ ಹಿತ್ತಲಿಗೆ ಕರೆದುಕೊಂಡು ಹೋಗಿ. ಉಂಗುರ, ವಾಚ್ ತೆಗೆದಿಡಿ, ಮೊಬೈಲ್ ದೂರ ಇಡಿ. ಮೊದಲು ಫ್ಯಾಕ್ಟರಿ ರೀಸೆಟ್: ಆಫ್ ಇದ್ದಾಗ ಪವರ್ ಬಟನ್ ಒತ್ತಿ ಹಿಡಿದರೆ ಪರದೆಯಲ್ಲಿ ಎಫ್‌ಪಿ ಅಂತ ಬರುತ್ತದೆ. ಆಮೇಲೆ ಕಾಯಿಲ್‌ನ ಅಡಿಯ ಕವರ್ ಬಿಚ್ಚಿ ಒರೆಸಿ. ಅಲ್ಲಿ ಸೇರಿಕೊಂಡ ಕಪ್ಪು ಮರಳು ಸುಳ್ಳು ಸಿಗ್ನಲ್ ಕೊಡುತ್ತದೆ. ಅದನ್ನು ಕಾಯಿಲ್ ದೋಷ ಅಂದುಕೊಂಡು ಒಳ್ಳೆ ಮೆಷಿನ್ ಬಿಟ್ಟು ಬರಬೇಡಿ. ಸುತ್ತಲಿನ ಕರೆಂಟ್ ಅಡಚಣೆ ತಗ್ಗಿಸುವ ನಾಯ್ಸ್ ಕ್ಯಾನ್ಸಲ್, ಮೆಷಿನ್ ಅನ್ನು ಮಣ್ಣಿನ ಖನಿಜಕ್ಕೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಮುಗಿಸಿ, ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಹಿಡಿದು ಅಂಚಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಕೇಬಲ್ ಕಾಯಿಲ್‌ಗೆ ಸೇರುವ ರಬ್ಬರ್ ಬುಡವನ್ನು ನಾಲ್ಕೂ ಕಡೆ ಬಾಗಿಸಿ. ಬಾಗಿಸಿದಾಗೆಲ್ಲ ಕಿರುಚಿದರೆ ಒಳಗಿನ ತಂತಿ ಕೆಟ್ಟಿದೆ. ಕೊನೆಗೆ ನೆಲದ ಮೇಲೆ ನಾಣ್ಯ ಇಟ್ಟು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬೀಸಿ. ಎರಡೂ ಸಲ ಪರದೆಯಲ್ಲಿ ಬರುವ ನಂಬರ್ ಹೆಚ್ಚುಕಡಿಮೆ ಒಂದೇ ಇರಬೇಕು. ಪಕ್ಕದಲ್ಲಿ ತುಕ್ಕು ಮೊಳೆ ಇಟ್ಟು, ಆಗಲೂ ನಾಣ್ಯ ಗೊತ್ತಾಗುತ್ತಾ ಅಂತ ಇನ್ನೊಮ್ಮೆ ನೋಡಿ.

ಕಾಯಿಲ್ ಕಿವಿಯಲ್ಲಿ, ಅಂದರೆ ಬೋಲ್ಟ್ ಹಾಕುವ ಎರಡು ಪ್ಲಾಸ್ಟಿಕ್ ಚಾಚಿನಲ್ಲಿ, ಕೂದಲೆಳೆ ಬಿರುಕಿದೆಯಾ ಉಗುರು ಆಡಿಸಿ ನೋಡಿ. ಕಾಯಿಲ್ ಕನೆಕ್ಟರ್ ಬಿಚ್ಚಿ ಪಿನ್ ಹಸಿರಾಗಿದೆಯಾ ನೋಡಿ. ಚಾರ್ಜರ್ ಹಾಕಿ ಚಾರ್ಜ್ ಆಗುತ್ತಾ ಅಂತ ನೋಡದೆ ಬರಬೇಡಿ.

ಮೈನ್‌ಲ್ಯಾಬ್ ಹೆಸರಲ್ಲಿ ನಕಲಿಗಳೂ ಓಡಾಡುತ್ತವೆ. ದುಡ್ಡು ಕೊಡುವ ಮೊದಲೇ ಸೀರಿಯಲ್ ನಂಬರ್ ಅಧಿಕೃತ ಡೀಲರ್‌ಗೆ ತೋರಿಸಿ. ಇನ್ನೊಂದು, ಆಳದ ಚಿನ್ನ ಬೇಕಿದ್ದರೆ ಆ ಮಣ್ಣಿಗೆ ಇಕ್ವಿನಾಕ್ಸ್ ಸರಿಯಾದ ಮೆಷಿನ್ ಅಲ್ಲ, ಪಲ್ಸ್ ಇಂಡಕ್ಷನ್ ಅನ್ನುವ ಬೇರೆ ಬಗೆಯ ಡಿಟೆಕ್ಟರ್ ಬೇಕು. ಮೇಲ್ಪದರದ ಸಣ್ಣ ಚೂರುಗಳಿಗೆ ಇದು ಸಾಕು.

ಕಾಯಿಲ್ ಮಾತ್ರ ಕೆಟ್ಟಿದ್ದರೆ ಹೊಸ ಕಾಯಿಲ್ ಬೆಲೆ ಕಳೆದು ಚೌಕಾಸಿ ಮಾಡಿ. ಪರದೆಯ ಒಳಗೆ ಮಂಜು ಕಟ್ಟಿದ್ದರೆ ನೀರು ಹೊಕ್ಕಿದೆ ಅಂತಲೇ ಅರ್ಥ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.