ಮಂಡಿ ನೋವಿದ್ದರೂ ಮ್ಯೂಸಿಯಂ ಸುತ್ತಬಹುದು

ಪ್ರಶ್ನೆ: ನಾನು ಶಿರಾದವಳು, ನಿವೃತ್ತ ಶಿಕ್ಷಕಿ. ಮುಂಚೆ ರಜೆ ಬಂತೆಂದರೆ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಸಂಗೀತ ಕಛೇರಿ, ನಾಟಕ, ಚಿತ್ರಪ್ರದರ್ಶನ ಅಂತ ಸುತ್ತಿ ಬರುತ್ತಿದ್ದೆ. ಈಗ ಮಂಡಿ ನೋವು, ಮೆಟ್ಟಿಲು ಹತ್ತಲಾರೆ. ಮಗ ಹೊಸ ಮೊಬೈಲ್ ಕೊಡಿಸಿದ್ದಾನೆ, ದಿನಕ್ಕೆ ಒಂದೂವರೆ ಜಿಬಿ ಡೇಟಾ ಇದೆ. ದುಡ್ಡು ಕೊಡದೆ ಮನೆಯಲ್ಲೇ ಇವನ್ನೆಲ್ಲ ನೋಡಬಹುದಾ? ನಮ್ಮ ಯಜಮಾನರು, “ಫೋನಲ್ಲಿ ನೋಡೋದೂ ಒಂದು ನೋಡೋದಾ?” ಅಂತಾರೆ.

ಉತ್ತರ: ಮೇಡಂ, ನಾಟಕದ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಕಡೆ. ಕ್ಯಾಮೆರಾ ತನಗೆ ಬೇಕಾದವರನ್ನು ಮಾತ್ರ ತೋರಿಸುತ್ತೆ, ಮೂಲೆಯಲ್ಲಿ ಸುಮ್ನೆ ನಿಂತವರ ಮುಖ ಕಾಣಿಸಲ್ಲ. ನಾಟಕಕ್ಕೆ ಯಾರಾದರೂ ಕಾರಿನಲ್ಲಿ ಕರೆದುಕೊಂಡು ಬಂದರೆ ನಮ್ಮ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರವೇ ಸಾಕು.

ಆದರೆ ಚಿತ್ರಗಳ ವಿಷಯಕ್ಕೆ ಬಂದರೆ ಯಜಮಾನರು ಸೋಲುತ್ತಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ, ಚಿಕ್ಕದಾಗಿ ‘ಮ್ಯಾಪ್’ ಅಂತಾರೆ. ಅದು ಮೊದಲು ಬಾಗಿಲು ತೆರೆದದ್ದು ಇಂಟರ್‌ನೆಟ್ಟಿನಲ್ಲೇ, 2020ರ ಡಿಸೆಂಬರ್‌ನಲ್ಲಿ. ಕಟ್ಟಡಕ್ಕೆ ಜನ ಕಾಲಿಟ್ಟದ್ದು 2023ರ ಫೆಬ್ರವರಿಯಲ್ಲಿ. ಹಾಗಾಗಿ ಮನೆಯಲ್ಲಿ ಕೂತು ನೋಡುವವರು ಅಲ್ಲಿ ಎರಡನೇ ದರ್ಜೆಯವರಲ್ಲ. ಅದರ ವೆಬ್‌ಸೈಟಿನಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೋ ಹುಡುಕಿ. ಮಕ್ಕಳ ಫೋಟೋ ತೆಗೆಯುವುದರಲ್ಲಿ ಎತ್ತಿದ ಕೈ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷಕ್ಕೆ ಅವರು ತೆಗೆದ ಮಕ್ಕಳ ಫೋಟೋಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ಪ್ರದರ್ಶಿಸಿದ್ದರು. ಇಷ್ಟು ವರ್ಷ ಪಾಠ ಮಾಡಿದ ನಿಮಗೆ ಆ ಮಕ್ಕಳ ಪರಿಚಯ ಬೇರೆಯವರು ಮಾಡಿಸಬೇಕಿಲ್ಲ ಬಿಡಿ.

ಇನ್ನೊಂದು ಹೇಳದೆ ಇರಲಾರೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ತನ್ನ ವೆಬ್‌ಸೈಟಿನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಬರೆದ ‘ನೈಟ್ ವಾಚ್’ ಚಿತ್ರವನ್ನು ಇಟ್ಟಿದೆ. 8,439 ಫೋಟೋ ತೆಗೆದು, ಜೋಡಿಸಿ, ಒಂದೇ ಚಿತ್ರ ಮಾಡಿದ್ದಾರೆ. ಅಲ್ಲಿಗೆ ಹೋಗಬೇಕಾದರೆ ವಿಮಾನ, ವೀಸಾ, ಟಿಕೆಟ್ಟು. ಹೋದರೂ ಹತ್ತಿರ ಬಿಡಲ್ಲ. ಇಲ್ಲಿ ಎರಡು ಬೆರಳಲ್ಲಿ ಹಿಗ್ಗಿಸುತ್ತಾ ಹೋಗಿ. ಎಡಗಡೆ, ಗಂಡಸರ ನಡುವೆ ಹಳದಿ ಲಂಗದ ಒಬ್ಬ ಹುಡುಗಿ ಇದ್ದಾಳೆ. ಅವಳ ಸೊಂಟ ನೋಡಿ: ಸತ್ತ ಕೋಳಿಯೊಂದು ತಲೆಕೆಳಗಾಗಿ ನೇತಾಡ್ತಿದೆ! ಇನ್ನೂ ಹಿಗ್ಗಿಸಿದರೆ ಬಣ್ಣ ಬಿರಿದ ಸಣ್ಣ ಸಣ್ಣ ಗೆರೆಗಳೂ ಕಾಣುತ್ತವೆ. ಒಂದು ಸಂಜೆಗೆ ಒಂದೇ ಚಿತ್ರ ಸಾಕು. ಹತ್ತು ಮ್ಯೂಸಿಯಂ ಒಟ್ಟಿಗೆ ಸುತ್ತಿದರೆ ಯಾವುದೂ ನೆನಪಲ್ಲಿ ಉಳಿಯಲ್ಲ.

ಸಂಗೀತಕ್ಕೆ ಆಕಾಶವಾಣಿಯ ‘ರಾಗಂ’ ವಾಹಿನಿ ಕೇಳಿ. 2016ರ ಗಣರಾಜ್ಯ ದಿನ ಬೆಂಗಳೂರಿನಿಂದ ಶುರುವಾದದ್ದು, ದಿನದ ಇಪ್ಪತ್ನಾಲ್ಕು ಗಂಟೆ ಬರೀ ಶಾಸ್ತ್ರೀಯ ಸಂಗೀತ. ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಪುಕ್ಕಟೆ ಬರುತ್ತೆ. ಮಧ್ಯಾಹ್ನ ಹುರುಳಿಕಾಯಿ ಸೋಸುತ್ತಾ ಕೇಳಬಹುದು.

ಡೇಟಾ ಚಿಂತೆ ಬೇಡ. ಬರೀ ಆಡಿಯೋ ಆದರೆ ಗಂಟೆಗೆ ಅರವತ್ತು ಎಂಬಿ ಆಸುಪಾಸು. ವಿಡಿಯೋಗೆ ಮಾತ್ರ ಜಾಸ್ತಿ. ಯೂಟ್ಯೂಬಿನಲ್ಲಿ ಕಛೇರಿ ನೋಡುವಾಗ ಮೇಲಿನ ಚಕ್ರದ ಗುರುತು ಒತ್ತಿ, ಕ್ವಾಲಿಟಿ 480ಕ್ಕೆ ಇಳಿಸಿ. ಹಾಡುವವರ ಮುಖ ಅಷ್ಟರಲ್ಲೇ ಚೆನ್ನಾಗಿ ಕಾಣುತ್ತೆ, ರಾಗಕ್ಕಂತೂ ಏನೂ ಆಗಲ್ಲ. ಮನೆಯಲ್ಲಿ ವೈಫೈ ಇದ್ದು ಟಿವಿ ಸ್ಮಾರ್ಟ್ ಆಗಿದ್ದರೆ ಮಗ ಬಂದಾಗ ಫೋನನ್ನು ಟಿವಿಗೆ ‘ಕಾಸ್ಟ್’ ಮಾಡೋದು, ಅಂದರೆ ಫೋನಿನಲ್ಲಿ ಬರೋದನ್ನು ಟಿವಿಯಲ್ಲಿ ತೋರಿಸೋದು, ಹೇಳಿಕೊಡಲಿ. ಆಗ ಯಜಮಾನರೂ ಪಕ್ಕದಲ್ಲಿ ಬಂದು ಕೂರುತ್ತಾರೆ, ನೋಡ್ತಾ ಇರಿ.

ಪ್ರಶ್ನೆ: ‘ಉಚಿತ ಕಛೇರಿ’ ಎಂದು ವಾಟ್ಸಾಪಿನಲ್ಲಿ ಲಿಂಕ್ ಬಂತು. ಒತ್ತಿದರೆ ಎಟಿಎಂ ಕಾರ್ಡ್ ನಂಬರ್ ಕೇಳುತ್ತಿದೆ. ಕೊಡಬಹುದಾ? (ಚಿಂತಾಮಣಿಯಿಂದ ಒಬ್ಬ ಓದುಗರು)

ಉತ್ತರ: ಬೇಡವೇ ಬೇಡ ಸ್ವಾಮಿ. ಪುಕ್ಕಟೆ ಕಛೇರಿಗೆ ಕಾರ್ಡ್ ಯಾಕೆ? ಆ ಪುಟ ಮುಚ್ಚಿ, ಕಛೇರಿ ನಡೆಸುವ ಸಂಗೀತ ಸಭೆಯ ಹೆಸರನ್ನು ನೀವೇ ಯೂಟ್ಯೂಬಿನಲ್ಲಿ ಟೈಪ್ ಮಾಡಿ ಹುಡುಕಿ. ಆಗಲೇ ನಂಬರ್ ಕೊಟ್ಟಿದ್ದರೆ ಈಗಲೇ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.