ಕೋಶ ವಿಭಜನೆಗೆ ಇಷ್ಟು ಹಂತಗಳು ಏಕೆ ಬೇಕು?

ಹಂತಗಳ ಹೆಸರುಗಳು ಕಂಠಪಾಠವಾಗಿವೆ, ಆದರೆ ಕೋಶವು ನೇರವಾಗಿ ಎರಡಾಗಿ ಒಡೆಯದೆ ಇಷ್ಟೊಂದು ಹಂತಗಳನ್ನು ದಾಟುವುದೇಕೆ ಎಂದು ತಾವು ಕೇಳಿದ್ದೀರಿ. ದಾವಣಗೆರೆಯಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುವ ನಾನು, ಪಾಲು ತಪ್ಪಬಾರದು ಎಂಬ ಒಂದೇ ಕಾರಣವನ್ನು ಹಿಡಿದು ಇದಕ್ಕೆ ಉತ್ತರಿಸುತ್ತೇನೆ.

ಚಿತ್ರದುರ್ಗದ ಕಡೆಯಿಂದ ಬರುವ ಈರುಳ್ಳಿಯನ್ನು ಬುಡವಷ್ಟೇ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ, ಬೇರು ಬಂದ ಮೇಲೆ ಅದರ ತುದಿಯನ್ನು ಕತ್ತರಿಸಿ, ಅಸಿಟೋಕಾರ್ಮಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹೆಚ್ಚಿನ ಕೋಶಗಳು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲೇ ಇರುತ್ತವೆ. ಇದನ್ನು ವಿಶ್ರಾಂತಿಯ ಹಂತವೆಂದು ಕರೆಯುವ ಹಳೆಯ ರೂಢಿಯನ್ನು ನಾನು ಒಪ್ಪುವುದಿಲ್ಲ. ಡಿಎನ್‌ಎ ಇಮ್ಮಡಿಯಾಗುವುದು ಆಗಲೇ. ಹಂಚಬೇಕಾದದ್ದು ಎರಡು ಪ್ರತಿಯಾಗದಿದ್ದರೆ ಮುಂದಿನ ಹಂತಗಳಿಗೆ ಅರ್ಥವೇ ಇರದು.

ಮನುಷ್ಯನ ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಹಾಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಲಡಿ ಕಟ್ಟದ ನೂಲನ್ನು ಎಳೆದರೆ ಸಿಕ್ಕಾಗುತ್ತದೆ ಎಂಬುದು ಹತ್ತಿ ಗಿರಣಿಗಳಿಂದ ಬೆಳೆದ ನಮ್ಮೂರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ವಿಭಜನೆಯ ಮೊದಲ ಹಂತವಾದ ಪ್ರೊಫೇಸ್‌ನಲ್ಲಿ ವರ್ಣತಂತುಗಳು, ಅಂದರೆ ಡಿಎನ್‌ಎಯನ್ನು ಹೊತ್ತ ಎಳೆಗಳು, ಸುರುಳಿ ಸುತ್ತಿಕೊಂಡು ಗಿಡ್ಡವಾಗುವುದು ಅದಕ್ಕಾಗಿಯೇ.

ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಮೆಟಾಫೇಸ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಈರುಳ್ಳಿಯ 16 ವರ್ಣತಂತುಗಳೂ ಕೋಶದ ನಡುವೆ ಸಾಲುಗಟ್ಟುತ್ತವೆ; ಇಮ್ಮಡಿಯಾದ ಪ್ರತಿಯೊಂದರ ಎರಡು ಎಳೆಗಳನ್ನು, ಕೋಶದ ಎದುರುಬದುರು ತುದಿಗಳಾದ ಧ್ರುವಗಳಿಂದ ಬಂದ ಕದಿರೆಳೆಗಳು (ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮ ನಾರುಗಳು) ಹಿಡಿದುಕೊಳ್ಳುತ್ತವೆ. ಒಂದೇ ಒಂದು ವರ್ಣತಂತುವಿಗೆ ಈ ಹಿಡಿತ ಸಿಗದಿದ್ದರೂ ಅಲ್ಲಿಂದ ‘ತಡೆ’ ಎಂಬ ರಾಸಾಯನಿಕ ಸಂಕೇತ ಹೊರಡುತ್ತದೆ, ಉಳಿದ 15 ಸಿದ್ಧವಾಗಿದ್ದರೂ ಕೋಶ ಕಾಯುತ್ತದೆ. ಕಾಲ್ಚಿಸಿನ್ ಎಂಬ ರಾಸಾಯನಿಕವು ಕದಿರೆಳೆಗಳು ಕಟ್ಟದಂತೆ ಮಾಡಿದಾಗ ವಿಭಜನೆ ಇಲ್ಲಿಯೇ ನಿಂತುಬಿಡುವುದು ಇದೇ ಕಾರಣಕ್ಕೆ. ಈ ಕಾವಲು ತಪ್ಪಿದರೆ ಒಂದು ಮರಿಕೋಶಕ್ಕೆ 17, ಇನ್ನೊಂದಕ್ಕೆ 15 ಹೋಗಬಹುದು. ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಅಂಡಾಣುವನ್ನು ರೂಪಿಸುವ ಮಿಯಾಸಿಸ್ ಎಂಬ ವಿಭಜನೆಯಲ್ಲಿ ಇಂಥ ತಪ್ಪು ನಡೆದು 21ನೆಯ ವರ್ಣತಂತು ಒಂದು ಹೆಚ್ಚಾದರೆ, ಮಗು 46ರ ಬದಲು 47 ವರ್ಣತಂತುಗಳೊಂದಿಗೆ, ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟುತ್ತದೆ.

ಹಿಡಿತ ಖಚಿತವಾದೊಡನೆ ಎಳೆಗಳನ್ನು ಅಂಟಿಸಿದ್ದ ಪ್ರೋಟೀನನ್ನು ಒಂದು ಕಿಣ್ವವು ಕತ್ತರಿಸುತ್ತದೆ, ಎಲ್ಲ ಜೋಡಿಗಳೂ ಹೆಚ್ಚುಕಡಿಮೆ ಒಟ್ಟಿಗೆ ಬಿಡಿಸಿಕೊಂಡು ಎರಡು ದಿಕ್ಕಿಗೆ ಸರಿಯುತ್ತವೆ. ಇದು ಅನಾಫೇಸ್, ಬೇಗ ಮುಗಿಯುವುದರಿಂದ ಸ್ಲೈಡಿನಲ್ಲಿ ಅಪರೂಪಕ್ಕೆ ಕಾಣಿಸುತ್ತದೆ, ಕಂಡಾಗ ವಿದ್ಯಾರ್ಥಿಗಳ ಮುಖ ಅರಳುತ್ತದೆ.

ಟೀಲೋಫೇಸ್‌ನಲ್ಲಿ ಎರಡೂ ಗುಂಪುಗಳ ಸುತ್ತ ಕೋಶಕೇಂದ್ರದ ಪೊರೆ ಮತ್ತೆ ಮೂಡುತ್ತದೆ. ಬಳಿಕ ಪ್ರಾಣಿಕೋಶವು ನಡುವೆ ಹಿಸುಕಿದಂತೆ ಒಳಸರಿದು ಬೇರೆಯಾಗುತ್ತದೆ. ಗಟ್ಟಿ ಗೋಡೆಯಿರುವ ಸಸ್ಯಕೋಶಕ್ಕೆ ಅದು ಸಾಧ್ಯವಿಲ್ಲದ್ದರಿಂದ ನಡುವೆ ಹೊಸ ಗೋಡೆ ಏಳುತ್ತದೆ. ಆ ಗೋಡೆ ಏಳದಿದ್ದರೆ ಏನಾಗುತ್ತದೆ ಎಂಬುದನ್ನು ಎಳನೀರಿನಲ್ಲಿ ನೋಡಬಹುದು. ಅಲ್ಲಿ ಕೋಶಕೇಂದ್ರಗಳು ಮಾತ್ರ ಮತ್ತೆ ಮತ್ತೆ ಒಡೆದು ಸಾವಿರಾರು ಸಂಖ್ಯೆಯಲ್ಲಿ ದ್ರವದಲ್ಲೇ ತೇಲುತ್ತಿರುತ್ತವೆ, ಗೋಡೆಗಳು ಬಂದ ಮೇಲಷ್ಟೇ ಚಿಪ್ಪಿನ ಒಳಗೆ ಬಿಳಿ ತಿರುಳು ಕಟ್ಟುತ್ತದೆ.